ಬಾಣದ ಮೊನೆ ಎಷ್ಟು ಭಾರ ಇರಬೇಕು? 100ರಿಂದ 300 ಗ್ರೇನ್‌ವರೆಗೆ ಒಂದು ಹೋಲಿಕೆ

ರಿಕರ್ವ್ (ತುದಿಗಳು ಮುಂದಕ್ಕೆ ಬಾಗಿದ ಬಿಲ್ಲು) ಅಥವಾ ಲಾಂಗ್‌ಬೋ (ಉದ್ದನೆಯ ಸಾದಾ ಬಿಲ್ಲು) ಕೊಳ್ಳುವವರೆಗೂ ಎಲ್ಲರ ಪ್ರಶ್ನೆ ಬಿಲ್ಲಿನದ್ದೇ. ಎಳೆಯಲು ಎಷ್ಟು ಪೌಂಡ್ ಬಲ, ಎಷ್ಟು ಉದ್ದ, ಯಾವ ಮರ. ಬಿಲ್ಲು ಕೈಗೆ ಬಂದು ಕೆಲವು ತಿಂಗಳಾದ ಮೇಲೆ ಪ್ರಶ್ನೆ ಬಾಣದ ತುದಿಗೆ ಬರುತ್ತದೆ. ಅಂಗಡಿಯವರು 100 ಅಥವಾ 125 ಗ್ರೇನ್ ಮೊನೆ ಕೊಟ್ಟಿರುತ್ತಾರೆ. (ಗ್ರೇನ್ ಅಂದರೆ ತೂಕದ ಚಿಕ್ಕ ಅಳತೆ, ಸುಮಾರು ಹದಿನೈದೂವರೆ ಸೇರಿದರೆ ಒಂದು ಗ್ರಾಂ.) ಅಮೆರಿಕದಲ್ಲಿರುವ ಭಾವ 200ಕ್ಕಿಂತ ಕಡಿಮೆ ಬೇಡ ಅನ್ನುತ್ತಾರೆ. ವಿಡಿಯೊದಲ್ಲಿ ಇನ್ಯಾರೋ 300 ಹಾಕಿ ಹೊಡೆಯುತ್ತಿರುತ್ತಾರೆ. ವಿರಾಜಪೇಟೆ, ಗೋಣಿಕೊಪ್ಪ, ಪೊನ್ನಂಪೇಟೆ ಕಡೆ ತೋಟದಲ್ಲಿ ಟಾರ್ಗೆಟ್ ಇಟ್ಟು ಹೊಡೆಯುವವರು ನನ್ನನ್ನು ಜಾಸ್ತಿ ಕೇಳುವುದು ಇದನ್ನೇ: ಯಾವುದನ್ನು ತರಿಸಲಿ?

ಮೊನೆಯ ತೂಕವನ್ನು ಒಂಟಿಯಾಗಿ ಆರಿಸಲು ಬರುವುದಿಲ್ಲ ಎನ್ನುವುದೇ ನನ್ನ ಮುಖ್ಯ ಮಾತು. ಬಿಲ್ಲು, ಶಾಫ್ಟ್ (ಬಾಣದ ಕಡ್ಡಿ), ಮೊನೆ ಈ ಮೂರೂ ಹೊಂದಿ ಬಾಣ ನೇರ ಹಾರಬೇಕು. ಭಾರದಿಂದ ಸಿಗುವ ಲಾಭವೆಲ್ಲ ಅದಾದ ಮೇಲಿನದ್ದು. ಓಲಾಡುತ್ತಾ ಹೋಗುವ 600 ಗ್ರೇನ್ ಬಾಣಕ್ಕಿಂತ ನೇರ ಹೋಗುವ 430 ಗ್ರೇನ್ ಬಾಣ ಆಳಕ್ಕೆ ಇಳಿಯಬಹುದು.

ಹೋಲಿಕೆಗೆ ಮೊದಲು ಕಾನೂನಿನ ಮಾತು ಹೇಳಲೇಬೇಕು. ಮೊನೆಯ ತೂಕದ ಬಗ್ಗೆ ಇವತ್ತು ಓದಲು ಸಿಗುವುದರಲ್ಲಿ ಬಹುಪಾಲು ಅಮೆರಿಕ, ಆಫ್ರಿಕಾ, ಆಸ್ಟ್ರೇಲಿಯಾದ ಬಿಲ್ಲು ಬೇಟೆಗಾರರಿಂದ ಬಂದದ್ದು. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಕಾಡುಪ್ರಾಣಿಗಳ ಬೇಟೆ ಅಪರಾಧ. ಬೇಟೆಗೆ ಪ್ರಯತ್ನಿಸುವುದೂ ಅಪರಾಧವೇ. ತೋಟಕ್ಕೆ ನುಗ್ಗಿದ ಕಾಡುಹಂದಿ ಅಂತಲೂ ನಾವೇ ತೀರ್ಮಾನಿಸಿ ಹೊಡೆಯುವ ಹಾಗಿಲ್ಲ. ಹಾಗಾಗಿ ಇಲ್ಲಿ ಬರೆದದ್ದು ಎರಡು ಬಗೆಯವರಿಗೆ. ಒಂದು, ನಮ್ಮ ತೋಟದಲ್ಲೇ ಫೋಮ್ ಅಥವಾ ಹುಲ್ಲಿನ ಟಾರ್ಗೆಟ್‌ಗೆ ಹೊಡೆಯುವವರು. ಇನ್ನೊಂದು, ಬೇಟೆಗೆ ಲೈಸೆನ್ಸ್ ಕೊಡುವ ದೇಶಗಳಲ್ಲಿ ಇದ್ದುಕೊಂಡು ರಜೆಗೆ ಊರಿಗೆ ಬಂದಾಗ ಇಲ್ಲಿ ಅಭ್ಯಾಸ ಮಾಡುವ ನಮ್ಮವರು. ಅವರೂ ತಾವಿರುವ ಕಡೆಯ ನಿಯಮ ನೋಡಿಕೊಳ್ಳಬೇಕು. ಬಿಲ್ಲಿನ ಕನಿಷ್ಠ ಎಳೆತದ ಬಲ, ಬ್ರಾಡ್‌ಹೆಡ್‌ನ (ಹರಿತ ಅಲಗಿರುವ ಬೇಟೆಯ ಮೊನೆ) ಅಗಲ ಒಂದೊಂದು ಕಡೆ ಒಂದೊಂದು ಥರ. ಬ್ರಿಟನ್‌ನಲ್ಲಿ ಬಿಲ್ಲು ಬೇಟೆಗೆ ಅವಕಾಶವೇ ಇಲ್ಲ.

ಕೋವಿಯ ಲೆಕ್ಕ ಬಾಣಕ್ಕೆ ಒಗ್ಗುವುದಿಲ್ಲ

ಕೊಡವರ ಮನೆಗಳಲ್ಲಿ ಗಂಡು ಮಗು ಹುಟ್ಟಿದಾಗ ಹರಳು ಗಿಡದ ದಂಟಿನಲ್ಲಿ ಮಾಡಿದ ಪುಟ್ಟ ಬಿಲ್ಲು ಬಾಣವನ್ನು ಅದರ ಕೈಗೆ ಕೊಟ್ಟು, ಅದೇ ಹೊತ್ತಿಗೆ ಅಂಗಳದಲ್ಲಿ ಕೋವಿ ಹಾರಿಸುವ ಪದ್ಧತಿ ಇತ್ತು. ಬಿಲ್ಲು, ಕೋವಿ ಎರಡೂ ಒಟ್ಟಿಗೇ. ಆದರೆ ಬೆಳೆಯುತ್ತಾ ಹೋದ ಹಾಗೆ ಕೈಯಲ್ಲಿ ಉಳಿದದ್ದು ಕೋವಿ. ನಮ್ಮ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್‌ಗೆ ಅದಕ್ಕೆ ತೋಕ್ ಪೂ ಎಂಬ ಹೂ ಮುಡಿಸಿ ಪೂಜೆ ಮಾಡುತ್ತೇವೆ. ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ ನೋಡುತ್ತೇವೆ. ಹಾಗಾಗಿ ನಮ್ಮ ತಲೆಯಲ್ಲಿ ವೇಗ ಅಂದರೆ ಶಕ್ತಿ ಅಂತ ಕೂತುಬಿಟ್ಟಿದೆ. ಹಗುರ ಮೊನೆ ಹಾಕಿದರೆ ಬಾಣ ವೇಗವಾಗಿ ಹೋಗುತ್ತದೆ, ವೇಗವಾಗಿ ಹೋದರೆ ಆಳಕ್ಕೆ ಇಳಿಯುತ್ತದೆ ಅಂತ ತುಂಬಾ ಜನ ನಂಬಿದ್ದಾರೆ.

ದೊಡ್ಡ ಬೇಟೆಯ ರೈಫಲ್ ಗುಂಡಿನಲ್ಲಿ 3,000 ಜೂಲ್‌ಗೂ ಜಾಸ್ತಿ ಶಕ್ತಿ ಇರುತ್ತದೆ. 45 ಪೌಂಡ್ ರಿಕರ್ವ್‌ನಿಂದ ಹೊರಟ ಬಾಣದಲ್ಲಿ ಸುಮಾರು 40 ಜೂಲ್. ಗುಂಡು ಹೊಡೆತದಿಂದ ಕೆಲಸ ಮಾಡುತ್ತದೆ. ಬಾಣ ಹರಿತದಿಂದ ಕೆಲಸ ಮಾಡುತ್ತದೆ. ಬಾಣಕ್ಕೆ ಮುಖ್ಯವಾದದ್ದು ಎದುರಿನಿಂದ ತಡೆ ಬಂದರೂ ಮುಂದಕ್ಕೆ ನುಗ್ಗುತ್ತಲೇ ಇರುವ ಗುಣ. ಶಾಲೆಯಲ್ಲಿ ಸಂವೇಗ ಅಂತ ಕಲಿತಿದ್ದೆವಲ್ವಾ, ಅದು. ತೂಕ ಗುಣಿಸು ವೇಗ.

ಒಂದು ಲೆಕ್ಕ ನೋಡಿ. 450 ಗ್ರೇನ್ ಬಾಣ ಸೆಕೆಂಡಿಗೆ 170 ಅಡಿ ವೇಗದಲ್ಲಿ ಹೋಗುತ್ತಿದೆ ಎಂದುಕೊಳ್ಳಿ. ಅದೇ ಬಿಲ್ಲಿಗೆ 550 ಗ್ರೇನ್ ಬಾಣ ಇಟ್ಟರೆ ವೇಗ 157 ಅಡಿಗೆ ಇಳಿಯಿತು ಎಂದುಕೊಳ್ಳಿ. ಶಕ್ತಿ 39 ಜೂಲ್‌ನಿಂದ 41ಕ್ಕೆ ಹೋಗುತ್ತದೆ, ಅಂದರೆ ಹೆಚ್ಚುಕಮ್ಮಿ ಅಷ್ಟೇ. ಸಂವೇಗ ಮಾತ್ರ ಸುಮಾರು 13 ಶೇಕಡಾ ಏರುತ್ತದೆ. ಭಾರದ ಬಾಣ ಬಿಲ್ಲಿನಲ್ಲಿ ಕೂಡಿಟ್ಟ ಶಕ್ತಿಯನ್ನು ಸ್ವಲ್ಪ ಚೆನ್ನಾಗಿ ಹೀರಿಕೊಳ್ಳುತ್ತದೆ. ಅದಕ್ಕೇ ಬಿಲ್ಲಿನ ಸದ್ದು ಕಡಿಮೆ ಆಗುತ್ತದೆ, ಕೈಗೆ ಬರುವ ನಡುಕವೂ ಇಳಿಯುತ್ತದೆ.

ಇದಕ್ಕೆ ತೆರುವ ಬೆಲೆ ಬಾಣದ ಇಳಿತ. ಮೇಲಿನ ಲೆಕ್ಕದಲ್ಲೇ 15 ಮೀಟರ್‌ನಲ್ಲಿ ಭಾರದ ಬಾಣ ಸುಮಾರು 7 ಸೆಂಟಿಮೀಟರ್ ಜಾಸ್ತಿ ಇಳಿಯುತ್ತದೆ. 20 ಮೀಟರ್‌ನಲ್ಲಿ 12ರಿಂದ 13 ಸೆಂಟಿಮೀಟರ್. 30 ಮೀಟರ್‌ಗೆ ಹೋದರೆ 28 ಸೆಂಟಿಮೀಟರ್. ದೂರ ಹೆಚ್ಚಿದ ಹಾಗೆ ಈ ಅಂತರ ಬೇಗ ಬೇಗ ಹಿಗ್ಗುತ್ತದೆ. ಕಾಫಿ ತೋಟದ ಒಳಗೆ ಹೊಡೆಯುವವರಿಗೂ ಕೊಯ್ಲು ಮುಗಿದ ಗದ್ದೆಯಲ್ಲಿ ಹೊಡೆಯುವವರಿಗೂ ಒಂದೇ ಮೊನೆ ಒಪ್ಪದಿರುವುದು ಇದರಿಂದಲೇ.

ಆರಿಸುವ ಮೊದಲು ನೋಡಬೇಕಾದದ್ದು

ಮೊದಲನೆಯದು ದೂರ. ನಮ್ಮ ತೋಟಗಳಲ್ಲಿ ಗಿಡಗಳ ಸಾಲಿನ ನಡುವೆ ಅಡ್ಡಿಯಿಲ್ಲದೆ ಸಿಗುವುದು ಹೆಚ್ಚೆಂದರೆ 15–20 ಮೀಟರ್. ಮೇಲಿಂದ ಸಿಲ್ವರ್ ಓಕ್ ಕೊಂಬೆ, ಕೆಳಗಿಂದ ರೊಬಸ್ಟಾ ಕಾಫಿ ಗಿಡದ ರೆಕ್ಕೆ. ಜಾಸ್ತಿ ಕಮಾನಾಗಿ ಹೋಗುವ ಬಾಣ ಕೊಂಬೆಗೆ ತಾಗುತ್ತದೆ.

ಎರಡನೆಯದು ಬಿಲ್ಲಿನ ಎಳೆತ. ಬಿಲ್ಲಿನ ಮೇಲೆ ಬರೆದದ್ದು 28 ಇಂಚು ಎಳೆದಾಗಿನ ಪೌಂಡ್. ನೀವು 26 ಇಂಚು ಎಳೆಯುವವರಾದರೆ ನಿಮ್ಮ ಬೆರಳಿಗೆ ಬರುವುದು ನಾಲ್ಕೈದು ಪೌಂಡ್ ಕಡಿಮೆ. ಲಗೇಜ್ ತೂಗುವ ಕೈತಕ್ಕಡಿಯನ್ನು ಹೆದೆಗೆ ಸಿಕ್ಕಿಸಿ ನೀವು ಎಳೆಯುವ ಉದ್ದದವರೆಗೆ ಎಳೆದು ನೋಡಿ. ಆ ಅಂಕಿ ಗೊತ್ತಿಲ್ಲದೆ ಮುಂದಿನ ಯಾವ ಲೆಕ್ಕವೂ ಸರಿಹೋಗುವುದಿಲ್ಲ.

ಮೂರನೆಯದು ಪೌಂಡಿಗೆ ಎಷ್ಟು ಗ್ರೇನ್ ಎನ್ನುವುದು. ಇಡೀ ಬಾಣದ ತೂಕವನ್ನು ಎಳೆತದ ಪೌಂಡಿನಿಂದ ಭಾಗಿಸಿ. ಸಾಂಪ್ರದಾಯಿಕ ಬಿಲ್ಲಿಗೆ 8ರಿಂದ 10 ಒಳ್ಳೆಯ ಜಾಗ. 8ಕ್ಕಿಂತ ಕೆಳಗೆ ಇಳಿಯಬೇಡಿ ಅಂತ ಅನೇಕ ಬಿಲ್ಲು ತಯಾರಕರು ಹೇಳುತ್ತಾರೆ. ತೀರಾ ಹಗುರ ಬಾಣ ಅಂದರೆ ಬಾಣ ಇಡದೆ ಹೆದೆ ಬಿಟ್ಟ ಹಾಗೆ. ಬಿಲ್ಲು ಸೀಳಬಹುದು. ತೂಕ ನೋಡಲು ಅಕ್ಕಸಾಲಿಗರ ಬಳಿ ಇರುವಂಥ ಚಿಕ್ಕ ಡಿಜಿಟಲ್ ತಕ್ಕಡಿ ಸಾಕು. ಒಂದು ಗ್ರಾಂ ಅಂದರೆ 15.43 ಗ್ರೇನ್. 100 ಗ್ರೇನ್ ಮೊನೆ ಆರೂವರೆ ಗ್ರಾಂ, 200 ಗ್ರೇನ್ ಮೊನೆ 13 ಗ್ರಾಂ.

ನಾಲ್ಕನೆಯದು, ಎಲ್ಲಕ್ಕಿಂತ ದೊಡ್ಡದು, ಶಾಫ್ಟ್‌ನ ಬಿಗಿ. ಇಂಗ್ಲಿಷಿನಲ್ಲಿ ಸ್ಪೈನ್ ಅನ್ನುತ್ತಾರೆ. ಇದರ ಮೇಲೆ ಸ್ವಲ್ಪ ಹೊತ್ತು ನಿಲ್ಲೋಣ.

ಸ್ಪೈನ್ ಅರ್ಥವಾದರೆ ಅರ್ಧ ಕೆಲಸ ಮುಗಿದ ಹಾಗೆ

ಹೆದೆ ಬಿಟ್ಟ ಕ್ಷಣ ಬಾಣ ಹಿಂದಿನಿಂದ ತಳ್ಳಿಸಿಕೊಂಡು ಬಳುಕುತ್ತದೆ. ಮುಂದಿನ ಮೊನೆ ತನ್ನ ಭಾರಕ್ಕೆ ನಿಂತಲ್ಲೇ ನಿಲ್ಲಲು ನೋಡುತ್ತದೆ. ಹಿಂದಿನ ತುದಿ ನುಗ್ಗುತ್ತದೆ. ನಡುವಿನ ಶಾಫ್ಟ್ ಬಾಗುತ್ತದೆ. ತುದಿಗೆ ಭಾರದ ಕತ್ತಿ ಕಟ್ಟಿದ ಉದ್ದ ದೋಟಿ ಹೇಗೆ ಬಳುಕುತ್ತದೋ ಹಾಗೆ. ಮೊನೆ ಭಾರ ಆದಷ್ಟೂ ಅದೇ ಶಾಫ್ಟ್ ಹೆಚ್ಚು ಮೆತ್ತಗಿದ್ದಂತೆ ನಡೆದುಕೊಳ್ಳುತ್ತದೆ. ಶಾಫ್ಟ್ ಉದ್ದ ಆದರೂ ಹಾಗೆಯೇ. ಕತ್ತರಿಸಿ ಗಿಡ್ಡ ಮಾಡಿದರೆ ಬಿಗಿಯಾಗುತ್ತದೆ.

ಬಳುಕು ಬಿಲ್ಲಿನ ಹಿಡಿಯನ್ನು ಸುತ್ತಿ ಹೋಗುವಷ್ಟೇ ಇರಬೇಕು. ಕಡಿಮೆ ಆದರೆ ಬಲಗೈಯವರ ಬಾಣ ಎಡಕ್ಕೆ ಹೋಗುತ್ತದೆ. ಜಾಸ್ತಿ ಆದರೆ ಬಲಕ್ಕೆ. ಎಡಗೈಯವರಿಗೆ ತಿರುವುಮುರುವು.

ಕಾರ್ಬನ್ ಶಾಫ್ಟ್ ಮೇಲಿನ 400, 500, 600 ಎಂಬ ಅಂಕಿಯಲ್ಲಿ ಹೊಸಬರು ಎಡವುತ್ತಾರೆ. 28 ಇಂಚು ಅಂತರದ ಆಸರೆಗಳ ಮೇಲೆ ಶಾಫ್ಟ್ ಇಟ್ಟು ನಡುವೆ 1.94 ಪೌಂಡ್ ತೂಗಿದಾಗ ಅದು ಎಷ್ಟು ಬಾಗುತ್ತದೆ ಎನ್ನುವುದೇ ಈ ಅಂಕಿ. 500 ಅಂದರೆ ಅರ್ಧ ಇಂಚು. ಹಾಗಾಗಿ ಅಂಕಿ ದೊಡ್ಡದಾದಷ್ಟೂ ಶಾಫ್ಟ್ ಮೆತ್ತಗೆ. ಮರದ ಶಾಫ್ಟ್‌ನಲ್ಲಿ ಅಂಕಿ ಪೌಂಡಿನಲ್ಲಿ ಇರುತ್ತದೆ, ಅಲ್ಲಿ ದೊಡ್ಡ ಅಂಕಿ ಅಂದರೆ ಬಿಗಿ. ಎರಡನ್ನೂ ಒಟ್ಟಿಗೆ ಆರ್ಡರ್ ಮಾಡುವವರು ಇದನ್ನು ಬರೆದಿಟ್ಟುಕೊಳ್ಳಿ.

ಹಿಡಿಯ ಕಿಟಕಿ, ಅಂದರೆ ಬಾಣ ಹಾದುಹೋಗಲು ಹಿಡಿಯ ಮೇಲೆ ಕೊರೆದ ಜಾಗ, ಎಷ್ಟು ಒಳಗೆ ಇದೆ ಎನ್ನುವುದೂ ಲೆಕ್ಕಕ್ಕೆ ಬರುತ್ತದೆ. ಇವತ್ತಿನ ಬಹುಪಾಲು ರಿಕರ್ವ್‌ಗಳಲ್ಲಿ ನಡುಗೆರೆ ದಾಟಿ ಕೊರೆದಿರುತ್ತಾರೆ, ಸ್ವಲ್ಪ ಬಿಗಿ ಶಾಫ್ಟ್ ಇದ್ದರೂ ನಡೆಯುತ್ತದೆ. ಹಳೇ ಮಾದರಿಯ ಲಾಂಗ್‌ಬೋನಲ್ಲಿ ಬಾಣ ಹಿಡಿಯನ್ನು ಹೆಚ್ಚು ಸುತ್ತಬೇಕು, ಅಲ್ಲಿ ಮೆತ್ತಗಿನ ಶಾಫ್ಟೇ ಸರಿ. ಗೆಳೆಯನ 45 ಪೌಂಡ್ ರಿಕರ್ವ್‌ಗೆ ಒಪ್ಪಿದ ಬಾಣ ನಿಮ್ಮ 45 ಪೌಂಡ್ ಲಾಂಗ್‌ಬೋಗೆ ಒಪ್ಪದಿದ್ದರೆ ಆಶ್ಚರ್ಯ ಬೇಡ.

ಇದೆಲ್ಲ ಏಕೆ ಹೇಳಿದೆ ಎಂದರೆ, 125 ತೆಗೆದು 200 ತಿರುಗಿಸಿ ಹಾಕುವುದು ಬರೀ ತೂಕದ ಬದಲಾವಣೆ ಅಲ್ಲ. ನೀವು ಶಾಫ್ಟನ್ನೇ ಬದಲಿಸಿದ ಹಾಗೆ. ಆ ಬದಲಾವಣೆ ನಿಮ್ಮ ಬಾಣವನ್ನು ಸರಿಮಾಡಲೂಬಹುದು, ಕೆಡಿಸಲೂಬಹುದು.

ಈಗ ಒಂದೊಂದೇ ತೂಕ

ಹೋಲಿಕೆಗೆ ಒಂದೇ ಬಾಣ ಇಟ್ಟುಕೊಳ್ಳುತ್ತೇನೆ. 29 ಇಂಚಿನ ಕಾರ್ಬನ್ ಶಾಫ್ಟ್, ಇಂಚಿಗೆ 8 ಗ್ರೇನ್. 12 ಗ್ರೇನ್‌ನ ಅಲ್ಯೂಮಿನಿಯಂ ಇನ್ಸರ್ಟ್ (ಮೊನೆ ತಿರುಗಿಸಿ ಹಾಕಲು ಶಾಫ್ಟ್‌ನ ಬಾಯೊಳಗೆ ಅಂಟಿಸುವ ತುಂಡು). ನಾಕ್ (ಹೆದೆಗೆ ಸಿಕ್ಕಿಸುವ ಹಿಂದಿನ ಕಚ್ಚು), ಗರಿ ಎರಡೂ ಸೇರಿ 20 ಗ್ರೇನ್. ಎಳೆತ 45 ಪೌಂಡ್. ಎಫ್‌ಒಸಿ ಎನ್ನುವುದನ್ನೂ ಜೊತೆಗೆ ಹೇಳುತ್ತೇನೆ. ಬಾಣವನ್ನು ಬೆರಳ ಮೇಲೆ ಸಮತೋಲಿಸಿದಾಗ ಆ ಬಿಂದು ನಡುಭಾಗಕ್ಕಿಂತ ಎಷ್ಟು ಮುಂದಿದೆ, ಅದು ಒಟ್ಟು ಉದ್ದದಲ್ಲಿ ಎಷ್ಟು ಶೇಕಡಾ, ಅದೇ ಎಫ್‌ಒಸಿ. ಹೆಚ್ಚಿದ್ದರೆ ಬಾಣ ಬೇಗ ನೇರವಾಗುತ್ತದೆ. ಗರಿಗೆ ಬಾಲವನ್ನು ತಿದ್ದಲು ಹೆಚ್ಚು ಉದ್ದದ ಹಿಡಿತ ಸಿಗುವುದೇ ಇದಕ್ಕೆ ಕಾರಣ.

100 ಗ್ರೇನ್: ಒಟ್ಟು ತೂಕ 364, ಎಫ್‌ಒಸಿ ಸುಮಾರು 13 ಶೇಕಡಾ, ಪೌಂಡಿಗೆ 8.1 ಗ್ರೇನ್. ಸುಲಭವಾಗಿ ಸಿಗುತ್ತದೆ. ಬಾಣ ಚಪ್ಪಟೆಯಾಗಿ, ವೇಗವಾಗಿ ಹೋಗುತ್ತದೆ. ಆದರೆ 45 ಪೌಂಡ್ ಬಿಲ್ಲಿಗೆ ಇದು ಕೆಳಗಿನ ಅಂಚು. ಬಿಲ್ಲಿನ ಸದ್ದು ಏರುತ್ತದೆ. ಬೆರಳು ಬಿಡುವಾಗಿನ ಸಣ್ಣ ತಪ್ಪು ಕೂಡಾ ಟಾರ್ಗೆಟ್‌ನಲ್ಲಿ ಎದ್ದು ಕಾಣುತ್ತದೆ. 30 ಪೌಂಡ್ ಒಳಗಿನ ಬಿಲ್ಲು, ಮಕ್ಕಳ ಬಿಲ್ಲು, ಗದ್ದೆಯಲ್ಲಿ ದೂರ ಹೊಡೆಯುವ ಅಭ್ಯಾಸ ಇದ್ದವರಿಗೆ ಸರಿ. ಬೇಟೆಯ ಬಾಣಕ್ಕೆ ನಾನು ಇದನ್ನು ಒಪ್ಪುವುದಿಲ್ಲ.

125 ಗ್ರೇನ್: ಒಟ್ಟು 389, ಎಫ್‌ಒಸಿ 16 ಶೇಕಡಾ ಹತ್ತಿರ, ಪೌಂಡಿಗೆ 8.6. ಎಲ್ಲ ಕಡೆ ಸಿಗುವುದು ಇದೇ. 35–40 ಪೌಂಡ್ ಎಳೆಯುವವರಿಗೆ ಇದು ಕೊರತೆ ಅಲ್ಲ. 35 ಪೌಂಡ್‌ನಲ್ಲಿ ಇದೇ ತೂಕ ಪೌಂಡಿಗೆ 11 ಗ್ರೇನ್ ಆಗುತ್ತದೆ, ಅದು ಸಾಕಷ್ಟು ಭಾರದ ಬಾಣ. ಆದರೆ ಆ ಬಿಲ್ಲಿಗೆ ಶಾಫ್ಟ್ 600 ಅಥವಾ 700 ಇರಬೇಕು. 500 ಶಾಫ್ಟ್ ಇಟ್ಟುಕೊಂಡು ಬಾಣ ಎಡಕ್ಕೇ ಹೋಗುತ್ತದೆ ಎಂದು ಗುರಿಯನ್ನು ಬಲಕ್ಕೆ ಸರಿಸುವವರನ್ನು ನೋಡಿದಾಗ ಬೇಜಾರಾಗುತ್ತದೆ. ತಪ್ಪು ಕೈಯದ್ದಲ್ಲ, ಶಾಫ್ಟ್‌ನದ್ದು.

150ರಿಂದ 175: ಒಟ್ಟು 414ರಿಂದ 439, ಎಫ್‌ಒಸಿ 18ರಿಂದ 20, ಪೌಂಡಿಗೆ 9.2ರಿಂದ 9.8. ಕೊಡಗಿನ ತೋಟದಲ್ಲಿ 40–45 ಪೌಂಡ್ ಎಳೆಯುವವರಿಗೆ ನನ್ನ ಒಲವು ಇಲ್ಲಿ. 20 ಮೀಟರ್‌ವರೆಗೆ ಇಳಿತ ಕಾಡುವುದಿಲ್ಲ. ಬಿಲ್ಲಿನ ಸದ್ದು, ನಡುಕ ಇಳಿಯುತ್ತದೆ. ನಮ್ಮಲ್ಲಿ ಹೆಚ್ಚು ಜನರ ಬಳಿ ಇರುವುದು 500 ಶಾಫ್ಟ್. ಅದಕ್ಕೆ 125 ಹಾಕಿದರೆ ಬಿಗಿ ಎನಿಸುವ ಬಿಲ್ಲುಗಳಲ್ಲಿ 175 ಹಾಕಿದಾಗ ಬಾಣ ನೇರವಾಗುವುದನ್ನು ಮತ್ತೆ ಮತ್ತೆ ಕಂಡಿದ್ದೇನೆ. ಹೊಸ ಶಾಫ್ಟ್ ಕೊಳ್ಳುವ ಖರ್ಚು ಉಳಿಯುತ್ತದೆ. ಬಾಣದ ತುದಿಯನ್ನೇ ನೋಡಿ ಗುರಿ ಹಿಡಿಯುವವರಿಗೆ ಇನ್ನೊಂದು ಲಾಭವಿದೆ. ತುದಿಯನ್ನು ನೇರ ಗುರಿಯ ಮೇಲಿಟ್ಟರೆ ಸರಿಯಾಗಿ ಬೀಳುವ ದೂರ ಹತ್ತಿರಕ್ಕೆ ಬರುತ್ತದೆ. 15 ಮೀಟರ್‌ನಲ್ಲಿ ತುದಿಯನ್ನು ಗುರಿಯ ಕೆಳಗೆ ಅಷ್ಟು ದೂರ ಇಡಬೇಕಾಗಿಲ್ಲ. ಕೊರತೆ ಅಂದರೆ ಅಂಗಡಿಯಲ್ಲಿ ಸದಾ ಸಿಗುವುದಿಲ್ಲ, ಹೇಳಿ ತರಿಸಬೇಕು.

200 ಗ್ರೇನ್: ಒಟ್ಟು 464, ಎಫ್‌ಒಸಿ 21–22, ಪೌಂಡಿಗೆ 10.3. ಹೊರದೇಶದಲ್ಲಿ ಜಿಂಕೆ ಜಾತಿಯ ಬೇಟೆಗೆ ಹೋಗುವವರು ಇಲ್ಲಿಂದ ಶುರುಮಾಡುವುದು ಒಳ್ಳೆಯದು. ಈ ತೂಕದಲ್ಲಿ ಗಟ್ಟಿಯಾದ ಎರಡು ಅಲಗಿನ ಬ್ರಾಡ್‌ಹೆಡ್‌ಗಳು ಸಿಗುತ್ತವೆ. ತೆಳು ಅಲಗಿನ ಹಗುರ ಬ್ರಾಡ್‌ಹೆಡ್ ಮೂಳೆಗೆ ತಾಗಿ ಬಾಗಿದರೆ ಮುಂದಕ್ಕೆ ಹೋಗುವುದೇ ಇಲ್ಲ. ಇಲ್ಲಿ ಟಾರ್ಗೆಟ್‌ಗೆ ಮಾತ್ರ ಹೊಡೆಯುವವರಿಗೆ 200 ಅಗತ್ಯವಲ್ಲ, ತೊಂದರೆಯೂ ಅಲ್ಲ. ನಿಮ್ಮ ಶಾಫ್ಟ್ ಅದನ್ನು ಕೇಳುತ್ತಿದ್ದರೆ ಹಾಕಿ.

250ರಿಂದ 300: ಒಟ್ಟು 514ರಿಂದ 564, ಎಫ್‌ಒಸಿ 24ರಿಂದ 27, ಪೌಂಡಿಗೆ 11.4ರಿಂದ 12.5. ಈ ಭಾರಕ್ಕೆ 500 ಶಾಫ್ಟ್ ಹೆಚ್ಚಾಗಿ ತಾಳುವುದಿಲ್ಲ. 400 ಅಥವಾ ಅದಕ್ಕಿಂತ ಬಿಗಿ ಬೇಕಾಗುತ್ತದೆ, ಅಂದರೆ ಹೊಸ ಸೆಟ್. ಹೆಚ್ಚು ಎಳೆತದ ಬಿಲ್ಲು ಇದ್ದು, ಹತ್ತಿರದಿಂದ ದೊಡ್ಡ ಮೂಳೆಯ ಪ್ರಾಣಿಗೆ ಹೊಡೆಯುವವರ ಆಯ್ಕೆ ಇದು. 40 ಪೌಂಡ್ ಬಿಲ್ಲಿಗೆ ಇದನ್ನು ಕಟ್ಟಿದರೆ 20 ಮೀಟರ್‌ನಲ್ಲೇ ಬಾಣ ಕಮಾನಾಗಿ ಹೋಗುತ್ತದೆ. ದೂರವನ್ನು ಎರಡು ಮೀಟರ್ ಕಡಿಮೆ ಅಂದಾಜಿಸಿದರೂ ಬಾಣ ಗುರಿಯಿಂದ ಕೆಳಗೆ. ನಮ್ಮ ಏರುತಗ್ಗಿನ ನೆಲದಲ್ಲಿ ದೂರದ ಅಂದಾಜು ಮೊದಲೇ ಕಷ್ಟ.

ಆಳಕ್ಕೆ ಇಳಿಯುವುದು ಯಾವುದರಿಂದ?

ಈ ವಿಷಯದಲ್ಲಿ ಮೊದಲು ಕೇಳಿಬರುವ ಹೆಸರು ಡಾ. ಎಡ್ ಆಶ್ಬಿ. ಆಫ್ರಿಕಾದಲ್ಲಿ ನಿಜವಾದ ಪ್ರಾಣಿಗಳ ಮೇಲೆ ಬಾಣಗಳು ಹೇಗೆ ಕೆಲಸ ಮಾಡುತ್ತವೆ ಎಂದು ವರ್ಷಗಟ್ಟಲೆ ದಾಖಲಿಸಿದವರು. ಅವರ ಹೆಸರಲ್ಲಿ ಎಲ್ಲರೂ ಹೇಳುವುದು 650 ಗ್ರೇನ್ ಎಂಬ ಅಂಕಿಯನ್ನು. ದಪ್ಪ ಮೂಳೆ ಒಡೆಯಲು ಬಾಣದ ಒಟ್ಟು ತೂಕ ಅಷ್ಟು ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಸಾಧ್ಯತೆ ಚೆನ್ನಾಗಿ ಏರುತ್ತದೆ ಎನ್ನುವುದು ಅವರ ಮಾತು. ಆದರೆ ಅವರ ಪಟ್ಟಿಯಲ್ಲಿ ಮೊದಲಿಗೆ ಬರುವುದು ತೂಕ ಅಲ್ಲ. ಮೊದಲು ಬಾಣ ಎಲ್ಲೂ ಮುರಿಯಬಾರದು, ಬಾಗಬಾರದು. ಎರಡನೆಯದು ಬಾಣದ ಹಾರಾಟ ನೇರ ಇರಬೇಕು. ಎಫ್‌ಒಸಿ, ಅಲಗಿನ ಆಕಾರ, ಹರಿತ, ತೂಕ ಎಲ್ಲ ಆಮೇಲೆ. 650 ಅನ್ನು ಮಾತ್ರ ಹಿಡಿದುಕೊಂಡು ಮೊದಲ ಎರಡನ್ನು ಬಿಟ್ಟುಬಿಡುವುದು ಅವರ ಕೆಲಸಕ್ಕೆ ಮಾಡುವ ಅನ್ಯಾಯ.

ಓಲಾಡುವ ಬಾಣ ಏಕೆ ಆಳಕ್ಕೆ ಇಳಿಯುವುದಿಲ್ಲ? ಮೊನೆ ಒಂದು ಕಡೆ ಚುಚ್ಚುತ್ತದೆ, ಹಿಂದಿನ ಶಾಫ್ಟ್ ಇನ್ನೊಂದು ಕಡೆಗೆ ತಳ್ಳುತ್ತದೆ. ಶಕ್ತಿಯ ದೊಡ್ಡ ಪಾಲು ಶಾಫ್ಟನ್ನು ಬಾಗಿಸುವುದಕ್ಕೇ ಹೋಗುತ್ತದೆ. ತೂತಿನ ಗೋಡೆಗೆ ಶಾಫ್ಟ್ ಉಜ್ಜುತ್ತದೆ. ನೇರ ಬಂದ ಬಾಣದಲ್ಲಿ ಹಿಂದಿನ ತೂಕವೆಲ್ಲ ಮೊನೆಯ ಹಿಂದೆಯೇ ಸಾಲಾಗಿ ಇರುತ್ತದೆ. ಮುಂದೆ ಭಾರ ಇದ್ದರೆ ಇಲ್ಲೂ ಅನುಕೂಲ. ಮೊನೆ ಶಾಫ್ಟನ್ನು ಎಳೆದುಕೊಂಡು ಹೋಗುತ್ತದೆ, ಹಿಂದಿನಿಂದ ತಳ್ಳುವ ಭಾರ ಕಡಿಮೆ ಇರುವುದರಿಂದ ಶಾಫ್ಟ್ ಕಡಿಮೆ ಬಳುಕುತ್ತದೆ.

ಟಾರ್ಗೆಟ್‌ನಲ್ಲಿ ಇಳಿದ ಆಳ ನೋಡಿ ಬೇಟೆಯ ಆಳ ಅಳೆಯಬೇಡಿ. ಫೋಮ್‌ನಲ್ಲಿ ಬಾಣವನ್ನು ತಡೆಯುವುದು ಹೆಚ್ಚಾಗಿ ಶಾಫ್ಟ್‌ನ ಸುತ್ತ ಆಗುವ ಉಜ್ಜಾಟ. ದಪ್ಪ ಶಾಫ್ಟ್ ಅಲ್ಲಿ ಬೇಗ ನಿಲ್ಲುತ್ತದೆ, ಸಪೂರ ಶಾಫ್ಟ್ ಒಳಗೆ ಹೋಗುತ್ತದೆ. ಬ್ರಾಡ್‌ಹೆಡ್ ಕೆಲಸ ಕತ್ತರಿಸುವುದು, ಅದು ಬೇರೆಯದೇ ಲೆಕ್ಕ. ಫೋಮ್ ಪರೀಕ್ಷೆಯಿಂದ ತಿಳಿಯುವುದು ಬಾಣ ನೇರ ಚುಚ್ಚಿದೆಯೋ ಓರೆಯಾಗಿ ಚುಚ್ಚಿದೆಯೋ ಎನ್ನುವುದು. ಅದೇ ಬೆಲೆಯುಳ್ಳ ಮಾಹಿತಿ.

ಬ್ರಾಡ್‌ಹೆಡ್‌ಗೆ ಹೋದಾಗ ಇನ್ನೊಂದು ಪರೀಕ್ಷೆ ಎದುರಾಗುತ್ತದೆ. ಮುಂದಿನ ಅಲಗು ಗಾಳಿ ಹಿಡಿಯುತ್ತದೆ. ಸಾದಾ ಮೊನೆಯಲ್ಲಿ ಚೆನ್ನಾಗಿ ಹಾರಿದ ಬಾಣ ಅದೇ ತೂಕದ ಬ್ರಾಡ್‌ಹೆಡ್ ಹಾಕಿದಾಗ ಬೇರೆ ಕಡೆ ಬಿದ್ದರೆ ಸ್ಪೈನ್ ಇನ್ನೂ ಸರಿಯಾಗಿಲ್ಲ ಎಂದರ್ಥ. ಗರಿ ದೊಡ್ಡದು ಮಾಡಿ ಅದನ್ನು ಮುಚ್ಚಬಾರದು, ಮೊದಲು ಸ್ಪೈನ್ ಸರಿಮಾಡಬೇಕು.

ಭಾರವನ್ನು ಎಲ್ಲಿಂದ ತರುವುದು

ಮೊನೆಯಿಂದಲೇ ತರಬೇಕು ಎಂದಿಲ್ಲ. 50, 75, 100 ಗ್ರೇನ್‌ನ ಹಿತ್ತಾಳೆ ಇನ್ಸರ್ಟ್‌ಗಳಿವೆ. 100 ಗ್ರೇನ್ ಇನ್ಸರ್ಟ್ ಹಾಕಿ 100 ಗ್ರೇನ್ ಮೊನೆ ತಿರುಗಿಸಿದರೆ ಮುಂಭಾಗ 200 ಗ್ರೇನ್. ಊರಲ್ಲೇ ಸಿಗುವ ಮೊನೆ ಬಳಸಬಹುದು ಎನ್ನುವುದು ದೊಡ್ಡ ಅನುಕೂಲ. ಇನ್ಸರ್ಟ್ ಉದ್ದ ಇರುವುದರಿಂದ ಶಾಫ್ಟ್‌ನ ಬಾಯಿಗೆ ಬಲವೂ ಬರುತ್ತದೆ. ಆದರೆ ಒಮ್ಮೆ ಅಂಟಿಸಿದರೆ ತೆಗೆಯುವುದು ಕಷ್ಟ, ಶಾಫ್ಟ್ ಬಿಸಿ ಮಾಡಿ ಹಾಳುಮಾಡುವ ಅಪಾಯವಿದೆ. ಸರಿಯಾದ ತೂಕ ಯಾವುದೆಂದು ಮೊನೆಗಳಲ್ಲಿ ಪರೀಕ್ಷಿಸಿ ಗೊತ್ತುಮಾಡಿಕೊಂಡ ಮೇಲೆ ಇನ್ಸರ್ಟ್ ಅಂಟಿಸಿ.

ತೋಟದಲ್ಲಿ ಹೊಡೆಯುವವರಿಗೆ ಇನ್ನೊಂದು ಎಚ್ಚರಿಕೆ. ತಪ್ಪಿದ ಬಾಣ ಸಿಲ್ವರ್ ಓಕ್ ಬೊಡ್ಡೆಗೋ ಕಲ್ಲಿಗೋ ಬಡಿಯುತ್ತದೆ. ಆ ಏಟಿಗೆ ಶಾಫ್ಟ್‌ನ ಮುಂದಿನ ಬಾಯಿ ಅರಳಿ ಸೀಳುತ್ತದೆ. ಬಾಯಿಗೆ ಒಂದು ಚಿಕ್ಕ ಲೋಹದ ಕಾಲರ್ ಹಾಕಿಕೊಳ್ಳುವುದು ಒಳ್ಳೆಯದು. ಕಾರ್ಬನ್ ಬಾಣವನ್ನು ಪ್ರತಿ ಸಲ ಹೊಡೆಯುವ ಮೊದಲು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಬಾಗಿಸಿ ನೋಡಿ, ಕಿವಿಗೊಟ್ಟು ಕೇಳಿ. ಚಿಟಪಟ ಸದ್ದು ಬಂದರೆ ಅದನ್ನು ಮುರಿದು ಬಿಸಾಡಿ. ಸೀಳಿದ ಕಾರ್ಬನ್ ಬಾಣ ಹೆದೆ ಬಿಟ್ಟಾಗ ಒಡೆದು ಕೈಗೆ ಹೊಕ್ಕುತ್ತದೆ.

ಮರದ ಬಾಣದವರ ಲೆಕ್ಕ ಬೇರೆ. ಅವರ ಮೊನೆ ಅಂಟಿಸುವಂಥದ್ದು, 125, 145, 160, 190 ಹೀಗೆ ಸಿಗುತ್ತದೆ. ಶಾಫ್ಟೇ ಭಾರ ಇರುವುದರಿಂದ 125 ಮೊನೆಯಲ್ಲೇ ಬಾಣ 450ರಿಂದ 500 ಗ್ರೇನ್ ತೂಗುತ್ತದೆ. ಎಫ್‌ಒಸಿ 10–11 ಶೇಕಡಾ ಅಷ್ಟೇ. ಆದರೂ ಚೆನ್ನಾಗಿ ಹಾರುತ್ತದೆ, ಚೆನ್ನಾಗಿ ಇಳಿಯುತ್ತದೆ. ನೂರಾರು ವರ್ಷ ಜನ ಬೇಟೆಯಾಡಿದ್ದು ಇಂಥ ಬಾಣದಲ್ಲೇ. ಎಫ್‌ಒಸಿ ಒಂದೇ ಎಲ್ಲವೂ ಅಲ್ಲ ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ನಮ್ಮಲ್ಲಿ ಮರಕ್ಕೆ ದೊಡ್ಡ ಶತ್ರು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆ. ಮಡಿಕೇರಿ, ಭಾಗಮಂಡಲ ಕಡೆಯ ತೇವಕ್ಕೆ ಮರದ ಶಾಫ್ಟ್ ನೀರೆಳೆದು ಸೊಟ್ಟಗಾಗುತ್ತದೆ. ವಾರ್ನಿಶ್ ಸರಿಯಾಗಿ ಹಚ್ಚದಿದ್ದರೆ ಬೇಸಿಗೆಯಲ್ಲಿ ಸರಿಹೊಂದಿಸಿದ ಮೊನೆ ಮಳೆಗಾಲದಲ್ಲಿ ಒಪ್ಪುವುದಿಲ್ಲ. ಒದ್ದೆಯಾದ ಗರಿಯೂ ಚಪ್ಪಟೆಯಾಗಿ ಬಾಣವನ್ನು ತಿದ್ದುವ ಕೆಲಸ ಬಿಡುತ್ತದೆ. ಆಗ ಮುಂಭಾಗ ಸ್ವಲ್ಪ ಭಾರ ಇರುವ ಕಾರ್ಬನ್ ಬಾಣವೇ ಕೈ ಹಿಡಿಯುತ್ತದೆ.

ಮನೆಯಲ್ಲೇ ಪರೀಕ್ಷೆ

ಹಳೇ ಬಟ್ಟೆ ಗಿಡಿದು ತುಂಬಿದ ಕಾಫಿ ಗೋಣಿಚೀಲ ಟಾರ್ಗೆಟ್‌ಗೆ ಸಾಕು. ಹಿಂದೆ ಎತ್ತರದ ಮಣ್ಣಿನ ಬರೆ ಇರಬೇಕು. ಬರೆಯ ಮೇಲೆ ಕಾಲುದಾರಿ ಇರಬಾರದು, ಕೆಲಸದವರ ಲೈನ್ ಮನೆಗಳ ದಿಕ್ಕಿಗೆ ಎಂದೂ ಹೊಡೆಯಬೇಡಿ. ಗಿಡದ ನಡುವೆ ಕೆಲಸದವರು ಬಗ್ಗಿರುತ್ತಾರೆ, ಕಾಣುವುದಿಲ್ಲ. ಕೆಲಸ ಬಿಟ್ಟ ಮೇಲೆ ಅಥವಾ ಭಾನುವಾರ ಒಳ್ಳೆಯದು.

ಗರಿ ಇರುವ ಮೂರು ಬಾಣ, ಗರಿ ಇಲ್ಲದ ಒಂದು ಬಾಣ ತೆಗೆದುಕೊಳ್ಳಿ. ಎಲ್ಲದಕ್ಕೂ ಒಂದೇ ಮೊನೆ. 10 ಮೀಟರ್‌ನಿಂದ ಹೊಡೆಯಿರಿ. ಮೊದಲು ಮೇಲೆ–ಕೆಳಗೆ ನೋಡಿ. ಗರಿಯಿಲ್ಲದ ಬಾಣದ ಬಾಲ ಮೇಲೆತ್ತಿ ಅಥವಾ ಕೆಳಗಿಳಿದು ಚುಚ್ಚಿದ್ದರೆ ಹೆದೆಯ ಮೇಲೆ ನಾಕ್ ಕೂರಿಸುವ ಗುರುತನ್ನು ಸರಿಮಾಡಿ. ಆಮೇಲೆ ಎಡ–ಬಲ. ಬಲಗೈಯವರಿಗೆ ಗರಿಯಿಲ್ಲದ್ದು ಎಡಕ್ಕೆ ಬಿದ್ದರೆ ಬಾಣ ಬಿಗಿ, ಮೊನೆ ಭಾರ ಮಾಡಿ. ಬಲಕ್ಕೆ ಬಿದ್ದರೆ ಮೆತ್ತಗೆ, ಮೊನೆ ಹಗುರ ಮಾಡಿ ಅಥವಾ ಶಾಫ್ಟ್ ಕಾಲು ಇಂಚು ಕತ್ತರಿಸಿ. ಕತ್ತರಿಸಿದ್ದು ವಾಪಸ್ ಬರುವುದಿಲ್ಲ, ಆದ್ದರಿಂದ ಮೊನೆ ಬದಲಿಸಿ ನೋಡುವುದೇ ಮೊದಲು. ಗುಂಪು ಹತ್ತಿರ ಬಂದ ಮೇಲೆ 18 ಮೀಟರ್‌ಗೆ ಹೋಗಿ ಖಚಿತ ಮಾಡಿಕೊಳ್ಳಿ. ಕೈ ದಣಿದಾಗ ಈ ಪರೀಕ್ಷೆ ಬೇಡ, ಬಿಡುಗಡೆ ಕೆಟ್ಟರೆ ಉತ್ತರವೂ ಕೆಡುತ್ತದೆ.

ಯಾರಿಗೆ ಯಾವುದು

ದುಡ್ಡಿನ ವಿಷಯದಲ್ಲಿ ನೆನಪಿಡಿ, ಮೊನೆ ಅಗ್ಗ, ಶಾಫ್ಟ್ ದುಬಾರಿ. ನಿಮ್ಮ ಬಳಿ ಆಗಲೇ ಒಂದು ಡಜನ್ ಶಾಫ್ಟ್ ಇದ್ದರೆ ಅದಕ್ಕೆ ಹೊಂದುವ ಮೊನೆ ಹುಡುಕಿ. ಶಾಫ್ಟ್ ಇನ್ನೂ ಕೊಂಡಿಲ್ಲದಿದ್ದರೆ ಮೊನೆಯ ತೂಕ ಮೊದಲು ನಿಶ್ಚಯಿಸಿ, 500 ಒಂದೆರಡು, 600 ಒಂದೆರಡು ಬಿಡಿಯಾಗಿ ತರಿಸಿ ಪರೀಕ್ಷಿಸಿ, ಆಮೇಲೆ ಡಜನ್ ಆರ್ಡರ್ ಮಾಡಿ. ನಾಲ್ಕೈದು ಜನ ಸೇರಿ 125, 150, 175, 200 ತಲಾ ಮೂರು ಮೊನೆ ತರಿಸಿ ಹಂಚಿಕೊಂಡು ಪರೀಕ್ಷಿಸಿದರೆ ಯಾರ ಜೇಬಿಗೂ ಭಾರವಲ್ಲ.

30–35 ಪೌಂಡ್ ಎಳೆಯುವವರು 125ರಲ್ಲೇ ಇರಿ, ಶಾಫ್ಟ್ ಮೆತ್ತಗಿನದು ತೆಗೆದುಕೊಳ್ಳಿ. ಹೆಚ್ಚಿನ ಭಾರದಿಂದ ನಿಮಗೆ ಸಿಗುವುದಕ್ಕಿಂತ ಕಳೆದುಕೊಳ್ಳುವುದೇ ಜಾಸ್ತಿ. 40–45 ಪೌಂಡ್, 20 ಮೀಟರ್ ಒಳಗೆ, ತೋಟದ ಟಾರ್ಗೆಟ್ ಅಂದರೆ 150 ಮತ್ತು 175 ಎರಡನ್ನೂ ತರಿಸಿ, ಗರಿಯಿಲ್ಲದ ಬಾಣ ಯಾವುದಕ್ಕೆ ಒಪ್ಪುತ್ತದೋ ಅದನ್ನು ಇಟ್ಟುಕೊಳ್ಳಿ. ಗದ್ದೆಯಲ್ಲಿ 30 ಮೀಟರ್ ದಾಟಿ ಹೊಡೆಯುವುದೇ ಇಷ್ಟ ಎನ್ನುವವರು 125ಕ್ಕೆ ಇಳಿಯಬಹುದು, ಆದರೆ ಪೌಂಡಿಗೆ 8 ಗ್ರೇನ್ ಗೆರೆಯನ್ನು ದಾಟಬೇಡಿ. ಹೊರದೇಶದಲ್ಲಿ ಲೈಸೆನ್ಸ್ ಇಟ್ಟುಕೊಂಡು ಬೇಟೆಗೆ ಹೋಗುವವರು 45 ಪೌಂಡ್‌ನಲ್ಲಿ 200, ಒಟ್ಟು ತೂಕ ಪೌಂಡಿಗೆ 10 ಗ್ರೇನ್ ಅಥವಾ ಮೇಲೆ ಇಟ್ಟುಕೊಳ್ಳಿ. 55 ಪೌಂಡ್ ಮೇಲೆ ಎಳೆಯುವವರು, ದೊಡ್ಡ ಪ್ರಾಣಿಯ ಎದುರು ನಿಲ್ಲುವವರು 250–300 ಕಡೆಗೆ ಹೋಗಿ, ಬಿಗಿ ಶಾಫ್ಟ್ ಜೊತೆಗೆ. ಇಲ್ಲಿ ಅಭ್ಯಾಸ ಮಾಡುವಾಗಲೂ ಬ್ರಾಡ್‌ಹೆಡ್‌ನ ತೂಕಕ್ಕೆ ಸಮನಾದ ಮೊನೆಯನ್ನೇ ಹಾಕಿ.

ಮಕ್ಕಳ 20 ಪೌಂಡ್ ಬಿಲ್ಲಿಗೆ ಇದ್ಯಾವುದೂ ಬೇಡ. ಆ ಬಿಲ್ಲಿಗೆಂದೇ ಮಾಡಿದ ಮೆತ್ತಗಿನ ಶಾಫ್ಟ್, ಹೆಚ್ಚೆಂದರೆ 100 ಗ್ರೇನ್ ಮೊನೆ ಸಾಕು. ಶಾಫ್ಟ್ ಮಾತ್ರ ಮಗು ಎಳೆಯುವ ಉದ್ದಕ್ಕಿಂತ ಎರಡು ಇಂಚು ಉದ್ದ ಇರಲಿ. ಮಗು ಬೆಳೆಯುತ್ತದೆ, ಎಳೆತವೂ ಬೆಳೆಯುತ್ತದೆ. ಗಿಡ್ಡ ಬಾಣ ಬಿಲ್ಲಿನಿಂದ ಒಳಗೆ ಜಾರಿ ಕೈಗೆ ಚುಚ್ಚುವ ಹಾಗೆ ಆಗಬಾರದು.